ಬೂದುಗುಂಬಳ ಕಾಯಿಬಿಟ್ಟ ವರ್ಷ

ಹೋದ ವಾರ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಹತ್ತಿದ ಬಸ್ಸಿನಿಂದ ಮುಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟೆ. ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಕುಕ್ಕೆ ತುಂಬ ಏಲಕ್ಕಿ ಬಾಳೆಹಣ್ಣು ಇಟ್ಟುಕೊಂಡು ಕೂತಿದ್ದರು. ಮಳೆಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಮಾಗಿದ ಹಣ್ಣಿನ ವಾಸನೆ ಮೂಗಿಗೆ ಬಡಿದ ತಕ್ಷಣ ನನ್ನ ಕತ್ತಿನ ಹಿಂಭಾಗ ತಣ್ಣಗಾಯಿತು. ಕೈ ತಾನಾಗಿಯೇ ವೇಲನ್ನು ತಲೆಯ ಮೇಲೆ ಎಳೆದುಕೊಂಡಿತು. "ಏನ್ ಮೇಡಂ, ಈಗ ತಾನೆ ಹತ್ತಿದ್ರಲ್ಲ?" ಎಂದ ಕಂಡಕ್ಟರ್. ಇಳಿದು, ಮಳೆಯಲ್ಲೇ ನಿಂತು ಮುಂದಿನ ಬಸ್ಸಿಗೆ ಕಾದೆ.

ಹೆಜ್ಜೇನು ಕಚ್ಚಿದ ಜಾಗದಲ್ಲಿ ಅಂಥದೇ ಒಂದು ವಾಸನೆ ಏಳುತ್ತದೆ. ಇಲ್ಲೇ ಕಚ್ಚಿ ಎಂದು ಉಳಿದ ಹುಳಗಳನ್ನು ಕರೆಯುವ ವಾಸನೆ ಅದು. ನಾನು ಬಿ.ಎಸ್ಸಿ. ಓದಿದವಳು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಆದರೂ ಈ ಸಂಗತಿ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಮನೆಯ ಹಿತ್ತಲಿನಲ್ಲಿ ಶುರುವಾದ ಒಂದು ಕೆಲಸದಿಂದ. ನಾವು ಜೇನುಗಳನ್ನು ಬನ್ನಿ ಎಂದು ಕರೆದ ವರ್ಷ ಅದು.

ನಾನು ಮದುವೆಯಾಗಿ ಬಂದ ಮನೆಯಲ್ಲಿ ಆರು ಪವರ್‌ಲೂಮ್ ಮಗ್ಗಗಳಿವೆ. ಬೀದಿಗೆ ಮುಖವಾಗಿ ಮನೆ, ಅದರ ಪಕ್ಕಕ್ಕೇ ಅಂಟಿಕೊಂಡು ಮಗ್ಗದ ಶೆಡ್ಡು, ಎರಡಕ್ಕೂ ಹಿಂದೆ ಎರಡು ಕಾರು ನಿಲ್ಲಿಸುವಷ್ಟು ಹಿತ್ತಲು. ಮಾವ ತೀರಿಕೊಂಡ ಮೇಲೆ ಮಗ್ಗಗಳನ್ನು ನೋಡಿಕೊಳ್ಳುವವರು ನನ್ನ ಅತ್ತೆ ಜಯಮ್ಮ ಮತ್ತು ನನ್ನ ಗಂಡ ನಾಗರಾಜ. ಹಿತ್ತಲು ಮಾತ್ರ ಪೂರ್ತಿ ಅತ್ತೆಯದು. ಅಲ್ಲಿ ಏನು ಬೆಳೆದರೂ ಬಿಟ್ಟರೂ ಒಂದು ಬೂದುಗುಂಬಳದ ಬಳ್ಳಿ ಇರಲೇಬೇಕು. ಆಯುಧಪೂಜೆಯ ದಿನ ಮಗ್ಗಗಳಿಗೆ ದೃಷ್ಟಿ ತೆಗೆದು ಹೊಸ್ತಿಲಲ್ಲಿ ಒಡೆಯುವುದು ಆ ಬಳ್ಳಿಯ ಕಾಯಿಯನ್ನೇ. ಊರಲ್ಲೆಲ್ಲ ಮಾರ್ಕೆಟ್ಟಿನ ಕಾಯಿ ತಂದು ಒಡೆಯುತ್ತಾರೆ. ಅತ್ತೆ ಅದನ್ನು ಒಪ್ಪುತ್ತಿರಲಿಲ್ಲ.

"ಎಲ್ಲೋ ಬೆಳ್ದ ಕಾಯಿಗೆ ನಮ್ ಮಗ್ಗದ ಗಾಚಾರ ಏನ್ ಗೊತ್ತಮ್ಮ? ಮಗ್ಗದ ಸದ್ದು ಕೇಳ್ಕೊಂಡು ಬೆಳ್ದಿರ್ಬೇಕು. ಅದುಕ್ಕೇ ತಿಳಿಯೋದು ಯಾರ್ ಕಣ್ಣು ಬಿದ್ದೈತೆ ಅಂತ."

ಆದರೆ ಎರಡು ವರ್ಷದಿಂದ ಬಳ್ಳಿ ಕಾಯಿ ಬಿಟ್ಟಿರಲಿಲ್ಲ. ಹಳದಿ ಹೂ ಬೇಕಾದಷ್ಟು ಬರುತ್ತಿತ್ತು. ಹೆಣ್ಣು ಹೂವಿನ ಬುಡದಲ್ಲಿ ನವಿರು ರೋಮದ ಹೀಚು ಕಾಣಿಸುತ್ತಿತ್ತು. ನಾಲ್ಕು ದಿನಕ್ಕೆ ಅದು ಹಳದಿಯಾಗಿ ಉದುರುತ್ತಿತ್ತು. ಎರಡು ಹಬ್ಬಕ್ಕೂ ನಾಗರಾಜ ಮಾರ್ಕೆಟ್ಟಿನಿಂದ ಕಾಯಿ ತಂದ. ಎರಡನೇ ವರ್ಷ ಹಬ್ಬದ ಮಾರನೆಯ ವಾರ ಒಂದು ಮಗ್ಗದ ಮೋಟಾರು ಸುಟ್ಟಿತು. ಅತ್ತೆ ಮಗನ ಮುಖ ನೋಡಿದರು, ಅಷ್ಟೇ.

ಮೂರನೇ ವರ್ಷ ಬೀಜ ಊರುವಾಗ ನಾನೇ ಹೇಳಿದೆ. "ಅತ್ತೆ, ಬಳ್ಳಿಯದ್ದೇನೂ ತಪ್ಪಿಲ್ಲ. ಸುತ್ತ ಎಲ್ಲಾ ಕಾಂಕ್ರೀಟ್ ಆಗಿದೆ. ಜೇನು ಬರ್ತಿಲ್ಲ, ಅದಕ್ಕೇ ಕಾಯಿ ನಿಲ್ತಿಲ್ಲ."

"ಜೇನು ಬರಕ್ಕೆ ಇದೇನ್ ಬೀಗರ ಮನೇನಾ, ಕರೀಬೇಕಾ?"

"ಕರೀಬೇಕು ಅತ್ತೆ."

ಕರೆಯುವ ಕೆಲಸ ಶುರುವಾಯಿತು. ಕೊತ್ತಂಬರಿ, ಕಾಮಕಸ್ತೂರಿಗಳನ್ನು ಕೀಳದೆ ಹೂ ಬಿಡಲು ಬಿಟ್ಟೆವು. ಕಳೆ ಎಂದು ಕಿತ್ತು ಎಸೆಯುತ್ತಿದ್ದ ತುಂಬೆಗಿಡ ಗೋಡೆಯ ಉದ್ದಕ್ಕೂ ಎದ್ದಿತು. ಇರುವೆ ಪುಡಿ, ಹುಳದ ಔಷಧಿ ಎಲ್ಲ ನಿಂತವು. ಮಣ್ಣಿನ ತಟ್ಟೆಯಲ್ಲಿ ಹೆಂಚಿನ ಚೂರು ಹಾಕಿ ನೀರಿಟ್ಟೆವು, ಹುಳ ಮುಳುಗದೆ ಕೂತು ಕುಡಿಯಲಿ ಎಂದು. ಮಗ್ಗದ ಲಾಳಿಯೊಳಗೆ ನೂಲು ಸುತ್ತಿಕೊಂಡು ಕೂರುವ ಕೊಳವೆಗೆ ಕಂಡಿಕೆ ಎನ್ನುತ್ತೇವೆ. ಒಡೆದ ಕಂಡಿಕೆಗಳು ಶೆಡ್ಡಿನ ಮೂಲೆಯಲ್ಲಿ ಮೂಟೆಗಟ್ಟಲೆ ಬಿದ್ದಿದ್ದವು. ಒಂದಷ್ಟನ್ನು ಡಬ್ಬಿಗೆ ತುರುಕಿ ನಿಂಬೆಗಿಡಕ್ಕೆ ಕಟ್ಟಿದೆ. ಗೂಡು ಕಟ್ಟದೆ ಒಂಟಿಯಾಗಿ ಬದುಕುವ ಜೇನುಗಳೂ ಇವೆ, ಅವಕ್ಕೆ ಇಂಥ ತೂತು ಬೇಕು ಎಂದಾಗ ಅತ್ತೆ ನಂಬಲಿಲ್ಲ. ತಿಂಗಳೊಳಗೆ ಒಂದು ಕಂಡಿಕೆಯ ಬಾಯಿ ಹಸಿರು ಎಲೆಯ ಬಿಲ್ಲೆಯಿಂದ ಮುಚ್ಚಿಕೊಂಡಿತ್ತು. ಗುಲಾಬಿ ಗಿಡದ ಎಲೆಗಳಲ್ಲಿ ಕತ್ತರಿಯಲ್ಲಿ ಕತ್ತರಿಸಿದಂಥ ಗುಂಡು ಗುಂಡು ತೂತುಗಳಿದ್ದವು.

"ನಾಗಾ, ಬಾರೋ ಇಲ್ಲಿ! ಕೆಲಸದೋರು ಬಂದವ್ರೆ, ನೋಡು. ನಮ್ ಕಂಡಿಕೆಗೆ ಎಲೆ ಸುತ್ತವ್ರೆ."

ಅಂದಿನಿಂದ ಅತ್ತೆಯ ಬಾಯಲ್ಲಿ ಜೇನುಗಳೆಂದರೆ ಕೆಲಸದವರು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಳ್ಳಿಯ ಹತ್ತಿರ ನಿಂತು "ಇವತ್ತು ಯಾಕೋ ಲೇಟು" ಎನ್ನುವರು. ಜೇನು ಇನ್ನೂ ಬಾರದಿದ್ದ ಮೊದಲ ದಿನಗಳಲ್ಲಿ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸುವುದನ್ನು ನಾನು ತೋರಿಸಿಕೊಟ್ಟಿದ್ದೆ. "ಥೂ, ಹೂವಿಗೂ ನಾವೇ ಮದುವೆ ದಲ್ಲಾಳಿ ಆಗ್ಬೇಕಾ" ಎಂದು ನಕ್ಕು ನಾಚಿಕೊಂಡಿದ್ದರು. ಈಗ ಆ ಕೆಲಸ ತಪ್ಪಿತು. ಶ್ರಾವಣ ಮುಗಿಯುವ ಹೊತ್ತಿಗೆ ಬಳ್ಳಿಯಲ್ಲಿ ಮೂರು ಕಾಯಿ ನಿಂತಿದ್ದವು. ಅವುಗಳ ಮೈಗೆ ಬೂದಿ ಕಟ್ಟತೊಡಗಿದಾಗ ಅತ್ತೆ ಒಂದೊಂದರ ಕೆಳಗೂ ಹಳೇ ಸೀರೆಯ ತುಂಡನ್ನು ಸಿಂಬೆ ಮಾಡಿ ಇಟ್ಟರು.

ಗೌರಿ ಹಬ್ಬ ಕಳೆದ ಮೇಲೆ ಹೆಜ್ಜೇನು ಬಂತು.

ಅದು ನಮ್ಮ ಹಿತ್ತಲಿಗೆ ಬರಲಿಲ್ಲ. ಪಕ್ಕದ ರಾಮಾಂಜಿಯವರ ಮೂರು ಮಹಡಿಯ ಕಟ್ಟಡದ ಮೇಲಿನ ಸಜ್ಜೆಯ ಅಡಿಗೆ, ನಮ್ಮ ಶೆಡ್ಡಿನ ತಾರಸಿಗೆ ನೇರ ಎದುರಾಗಿ ಕಟ್ಟಿತು. ಮೊದಲ ದಿನ ಕಪ್ಪು ಬಟ್ಟೆ ನೇತುಹಾಕಿದಂತಿತ್ತು. ಹದಿನೈದು ದಿನದಲ್ಲಿ ಮೊರದಷ್ಟಾಯಿತು. ಹತ್ತಿರ ಕಾಗೆ ಹಾರಿದರೂ ಸಾಕು, ಆ ಮೊರದ ಮೇಲಿಂದ ಕೆಳಗಿನವರೆಗೆ ಒಂದು ಅಲೆ ಹಾದುಹೋಗುತ್ತಿತ್ತು, ಮಲಗಿದ ಪ್ರಾಣಿ ನಿದ್ದೆಯಲ್ಲಿ ಚರ್ಮ ಅಲುಗಿಸಿದ ಹಾಗೆ. ತರಗತಿಯಲ್ಲಾಗಿದ್ದರೆ ಅದನ್ನು ಮಕ್ಕಳಿಗೆ ಖುಷಿಯಿಂದ ವಿವರಿಸುತ್ತಿದ್ದೆ. ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ಮಾತ್ರ ಆ ಕಡೆ ನೋಡದೆ ಬೇಗ ಬೇಗ ಹರವಿ ಇಳಿದುಬಿಡುತ್ತಿದ್ದೆ.

ರಾಮಾಂಜಿ ಮೊದಲ ಮಹಡಿಯಲ್ಲಿ ತಾವಿದ್ದು, ಉಳಿದ ಮನೆಗಳನ್ನು ಗಾರ್ಮೆಂಟ್ಸ್ ಕೆಲಸದವರಿಗೆ ಬಾಡಿಗೆ ಕೊಟ್ಟಿದ್ದರು. ಒಂದು ಸಂಜೆ ಗೇಟಿನ ಹತ್ತಿರ ಬಂದು ನಿಂತರು.

"ನಾಗರಾಜ, ಏನ್ ಗುರು ಇದು? ನಿಮ್ಮನೇಲಿ ತಟ್ಟೆ ಇಟ್ಟು ಊಟಕ್ಕೆ ಕರೀತೀರ, ಅವು ಮಲ್ಗಕ್ಕೆ ನಮ್ಮನೆಗೆ ಬರ್ತವೆ. ಬಾಡಿಗೆಯೋರ ಮಕ್ಳು ಶಾಲೆಗೆ ಹೋಗಕ್ಕೆ ಹೆದ್ರುತ್ತವೆ. ನಾಳೆ ಪಂಜು ಕಟ್ಟಿ ಸುಟ್ಟಾಕ್ತೀನಿ, ಅಷ್ಟೇ."

ಸುಟ್ಟರೆ ಬೀದಿಗೇ ಹರಡುತ್ತವೆ, ಬೇಡ ಎಂದು ನಾನು ಬೇಡಿಕೊಂಡೆ. ಹೆಜ್ಜೇನು ಬಿಡಿಸುವವರೊಬ್ಬರ ನಂಬರು ಹುಡುಕಿ ಫೋನ್ ಮಾಡಿದೆವು. ಹಬ್ಬ ಮುಗಿದ ಕೂಡಲೇ ಬರುತ್ತೇನೆ, ಅಲ್ಲಿಯವರೆಗೆ ಬೆಂಕಿ, ಹೊಗೆ, ಪಟಾಕಿ ಯಾವುದೂ ಹತ್ತಿರ ಸುಳಿಯಬಾರದು ಎಂದರು. ಫೋನಿನ ಸ್ಪೀಕರ್ ಹಾಕಿದ್ದೆ. ಅತ್ತೆ ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಾ ಎಲ್ಲ ಕೇಳಿಸಿಕೊಂಡರು. "ಯಾರೂ ಮೇಲೆ ಒಲೆ ಹಚ್ಚಲ್ಲ ಬಿಡು" ಎಂದರು. ರಾಮಾಂಜಿ ಗೊಣಗುತ್ತಲೇ ಒಪ್ಪಿದರು. ಅವರ ಮೊದಲ ಮಹಡಿಯ ಬಾಗಿಲೊಂದು ನಮ್ಮ ತಾರಸಿಯ ಕಡೆಗಿತ್ತು, ನಡುವೆ ಮೊಣಕಾಲೆತ್ತರದ ಗೋಡೆ ಮಾತ್ರ. ಆ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಸಂದಿಗೆಲ್ಲ ಬಟ್ಟೆ ತುರುಕಿದರು.

ಆಯುಧಪೂಜೆಯ ಬೆಳಿಗ್ಗೆ ಮಗ್ಗಗಳನ್ನು ಒರೆಸಿ, ವಿಭೂತಿ ಬಳಿದು, ಹೂ ಹಾಕಿದೆವು. ಮಗ್ಗದ ಕೆಲಸದವರು ಪೂಜೆ ಮುಗಿಸಿ, ಕಡ್ಲೆಪುರಿ ಸಿಹಿ ಕಟ್ಟಿಕೊಂಡು ಹೋದರು. ನಾಗರಾಜ ಹಿತ್ತಲಿನಿಂದ ದೊಡ್ಡ ಕಾಯಿಯನ್ನು ಹೊತ್ತು ತಂದ. ಎರಡು ವರ್ಷದ ಮೇಲೆ ನಮ್ಮ ಕಾಯಿ. ಕರ್ಪೂರ ಹಚ್ಚಿ ಆರೂ ಮಗ್ಗಗಳಿಗೆ ಸುತ್ತಿಸಿ ಹೊಸ್ತಿಲಲ್ಲಿ ಒಡೆದಾಗ, ಅತ್ತೆ ಕುಂಕುಮ ಹತ್ತಿದ ಬಿಳೀ ತಿರುಳನ್ನು ಬಗ್ಗಿ ನೋಡಿ, "ಬೀಜ ಹೆಂಗ್ ಕಟ್ಟೈತೆ ನೋಡೇ" ಎಂದರು. ಕಣ್ಣು ತುಂಬಿಕೊಂಡಿದ್ದರು.

ಕಾಯಿ ಒಡೆದ ಮೇಲೆ ಮನೆಯ ಹಿರಿಯರು ಎಲ್ಲದಕ್ಕೂ ಧೂಪ ತೋರಿಸುವುದು ನಮ್ಮಲ್ಲಿ ರೂಢಿ. ಅತ್ತೆ ಕೆಂಡದ ಮೇಲೆ ತೆಂಗಿನ ನಾರು, ಸಾಂಬ್ರಾಣಿ ಹಾಕಿಕೊಂಡು ಹೊರಟರು. ಮಗ್ಗ, ಮೋಟಾರು, ಕಂಡಿಕೆ ಸುತ್ತುವ ಯಂತ್ರ, ಮೀಟರ್ ಬೋರ್ಡು, ಬೈಕು. ನಾನು ಹಿತ್ತಲಿನ ಗುದ್ದಲಿ, ಕುಡುಗೋಲಿಗೆ ಕುಂಕುಮ ಇಡಲು ಹೋದೆ. ಶೆಡ್ಡಿನಲ್ಲಿ ನಾಗರಾಜ ಮಗ್ಗಗಳ ಸ್ವಿಚ್ ಒತ್ತಿದ. ಪೂಜೆಯಾದ ಮೇಲೆ ಎಲ್ಲವನ್ನೂ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಬೇಕು. ಆರೂ ಒಟ್ಟಿಗೆ ಶುರುವಾದವು. ಆ ಸದ್ದಿನಲ್ಲಿ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ.

ತಾರಸಿಗೆ ಹೋಗುವ ಕಬ್ಬಿಣದ ಮೆಟ್ಟಿಲ ಬುಡದಲ್ಲಿ ಅತ್ತೆಯ ಚಪ್ಪಲಿಗಳು ಕಂಡವು.

ಇಂದಿಗೂ ನನಗೆ ಮೊದಲು ಕಾಣುವುದು ಅವೇ. ಅಕ್ಕಪಕ್ಕ ನೀಟಾಗಿ, ದೇವಸ್ಥಾನದ ಹೊರಗೆ ಬಿಟ್ಟ ಹಾಗೆ ಬಿಟ್ಟಿದ್ದರು. ಬಟ್ಟೆ ತೆಗೆಯಲು ಹೋಗುವಾಗ ಅವರು ಚಪ್ಪಲಿ ಬಿಡುವುದಿಲ್ಲ. ಅದು ಏಕೆ ಎಂದು ತಿಳಿಯುವಷ್ಟರಲ್ಲಿ ತಲೆ ಎತ್ತಿದ್ದೆ. ತಾರಸಿಯ ಅಂಚಿನಿಂದ ಬಿಳಿ ಹೊಗೆ ಎಳೆಯಾಗಿ ಸಜ್ಜೆಯ ಕಡೆಗೆ ಏರುತ್ತಿತ್ತು. ಹೆಜ್ಜೇನಿನ ಮೇಲೆ ಆ ಅಲೆ ಒಮ್ಮೆ ಹಾದುಹೋಯಿತು. ಮತ್ತೊಮ್ಮೆ, ಇನ್ನೂ ಬೇಗ. ಆಮೇಲೆ ಆ ಕಪ್ಪು ಸಿಪ್ಪೆ ಸುಲಿದಂತೆ ಕೆಳಗಿನಿಂದ ಬಿಟ್ಟುಕೊಂಡಿತು. ಒಳಗಿನ ಬಿಳೀ ಮೇಣದ ರೊಟ್ಟಿ ಕಂಡಿತು.

"ಅತ್ತೇ!" ಎಂದು ಕೂಗಿದೆ. ನನ್ನ ಕೂಗು ನನಗೇ ಕೇಳಿಸಲಿಲ್ಲ. ಮೆಟ್ಟಿಲ ಅರ್ಧದವರೆಗೆ ಓಡಿದೆ. ಅತ್ತೆ ಧೂಪದ ಬಟ್ಟಲು ಕೈಬಿಟ್ಟು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಎತ್ತ ಹೋಗಬೇಕೆಂದು ತೋಚದೆ ನಿಂತಲ್ಲೇ ಸುತ್ತುತ್ತಿದ್ದರು. ಬೆನ್ನು, ತಲೆ, ಕೈ ಎಲ್ಲ ಕಪ್ಪಗೆ ಅಲುಗುತ್ತಿತ್ತು. ಬಾಯಿ ತೆರೆದಿತ್ತು. ಸದ್ದು ಮಾತ್ರ ಮಗ್ಗಗಳದು. ಆಗಲೇ ಆ ವಾಸನೆ ಬಂದದ್ದು. ಪೂಜೆಯ ಬಾಳೆಹಣ್ಣುಗಳೆಲ್ಲ ಮನೆಯೊಳಗಿದ್ದವು. ತಾರಸಿಯ ಗಾಳಿಯಲ್ಲಿ ಅದೆಲ್ಲಿಂದ ಬಂತು ಎಂದು ಆ ಗಳಿಗೆಯಲ್ಲೂ ಮನಸ್ಸು ಹುಡುಕಿತು. ನನ್ನ ಕಿವಿಗೆ, ಕತ್ತಿಗೆ ಕೆಂಡ ಇಟ್ಟಂತಾಯಿತು.

ಕೆಳಗಿಳಿದು ಶೆಡ್ಡಿಗೆ ನುಗ್ಗಿ ಮೇನ್ ಸ್ವಿಚ್ ಎಳೆದೆ. ನಾಗರಾಜ ತಿರುಗಿ, "ಏಯ್, ಅಪಶಕುನ, ಯಾಕೆ—" ಎಂದ. ಮಗ್ಗಗಳು ಒಂದೊಂದಾಗಿ ನಿಂತವು. ನಿಂತ ಮೇಲೆ ಮೇಲಿನ ಸದ್ದು ಕೇಳಿತು. ಅದು ಜೇನಿನ ಸದ್ದು ಎಂದು ಅವನಿಗೆ ತಕ್ಷಣ ತಿಳಿಯಲಿಲ್ಲ, ಯಾವುದೋ ಮೋಟಾರು ಇನ್ನೂ ಓಡುತ್ತಿದೆ ಎಂದುಕೊಂಡು ಹಿಂದೆ ನೋಡಿದ. ಅದರೊಳಗಿನಿಂದ "ನಾಗಾ" ಎಂಬ ಒಂದು ಕೂಗು ಬಂತು.

ನೇಯ್ದು ಮಡಿಸಿಟ್ಟಿದ್ದ ಸೀರೆಗಳನ್ನು ಎಳೆದು ಅವನ ತಲೆಗೆ ಮೈಗೆ ಸುತ್ತಿದೆ. ಅವನು ಮೆಟ್ಟಿಲೇರಿದ, ಮೂರು ಮೆಟ್ಟಿಲು ಉಳಿದಿರುವಾಗ ಹಿಂದಕ್ಕೆ ಬಿದ್ದ. ಸೀರೆಯ ಮೇಲೆಲ್ಲ ಹುಳ. ಮತ್ತೆ ಎದ್ದ. ಅಷ್ಟರಲ್ಲಿ ಪಕ್ಕದ ಕಟ್ಟಡದ ಮುಚ್ಚಿದ ಬಾಗಿಲು ಒಳಗಿನಿಂದ ಅಲುಗತೊಡಗಿತು. ಸಂದಿಗೆ ತುರುಕಿದ್ದ ಬಟ್ಟೆಗಳನ್ನು ಯಾರೋ ಕೀಳುತ್ತಿದ್ದರು. ಒಂದು ಬಟ್ಟೆ, ಇನ್ನೊಂದು. ಅದೆಷ್ಟು ತುರುಕಿದ್ದರೋ! ಬಾಗಿಲು ತೆರೆದಾಗ ರಾಮಾಂಜಿ ರಗ್ಗು ಹೊದ್ದು ನಿಂತಿದ್ದರು. ಗೋಡೆ ದಾಟಿ ಬಂದು, ಅತ್ತೆಯನ್ನು ರಗ್ಗಿನೊಳಗೆ ಎಳೆದುಕೊಂಡು, ಎಡವುತ್ತಾ ಒಳಗೆ ಬಿದ್ದು, ಕಾಲಿನಿಂದ ಬಾಗಿಲು ಒದ್ದು ಮುಚ್ಚಿದರು.

ಅವರ ಕಾರಿನಲ್ಲೇ ಆಸ್ಪತ್ರೆಗೆ ಹೊರಟೆವು. ಗಾಜುಗಳನ್ನೆಲ್ಲ ಏರಿಸಿದ್ದರು. ಒಂದು ಹುಳ ಒಳಗೇ ಉಳಿದು ಮುಂದಿನ ಗಾಜಿಗೆ ಬಡಿಯುತ್ತಿತ್ತು. ಅತ್ತೆಯ ತಲೆ ನನ್ನ ತೊಡೆಯ ಮೇಲಿತ್ತು. ತುಟಿ ಊದಿ ಮುಖ ಯಾರದೋ ಆಗಿತ್ತು. ಮಗ್ಗದ ಬೆಲ್ಟು ಸಡಿಲವಾದಾಗ ಬರುವಂಥ ಸಿಳ್ಳು ಅವರ ಎದೆಯಿಂದ ಬರುತ್ತಿತ್ತು. ಅದು ನಿಲ್ಲಲಿ ಎಂದು ಬೇಡಿಕೊಳ್ಳುತ್ತಿದ್ದೆ. ದಾರಿಯ ನಡುವೆ ಅದು ನಿಜವಾಗಿಯೂ ನಿಂತಂತಾದಾಗ, ನಿಲ್ಲದಿರಲಿ ಎಂದು ಬೇಡಿಕೊಂಡೆ. ಪ್ರತಿ ಅಂಗಡಿಯ ಮುಂದೆಯೂ ಒಡೆದ ಕುಂಬಳಕಾಯಿಗಳು ಬಿದ್ದಿದ್ದವು. ಚಕ್ರ ಅವುಗಳ ಮೇಲೆ ಹರಿದು ಜಾರುತ್ತಿತ್ತು. ರಾಮಾಂಜಿ ಊದಿದ ಕೈಯಲ್ಲಿ ಸ್ಟಿಯರಿಂಗ್ ತಿರುಗಿಸುತ್ತಾ, ಅಳುತ್ತಾ ಬೈಯುತ್ತಿದ್ದರು. "ಲೇ ನಾಗ, ನಿಮ್ಮಮ್ಮಂಗೆ ಊರಲ್ಲಿ ಬೇರೆ ದೇವ್ರೇ ಸಿಕ್ಲಿಲ್ವೇನೋ? ಅಕ್ಕಾ, ಕಣ್ ಬಿಡಕ್ಕಾ. ಒಂದ್ ಮಾತ್ ಆಡಕ್ಕಾ."

ಆಸ್ಪತ್ರೆಯಲ್ಲಿ ಸೂಜಿ ಹಾಕಿದರು, ಆಕ್ಸಿಜನ್ ಇಟ್ಟರು. ಮುಳ್ಳುಗಳನ್ನು ಕೆರೆದು ತೆಗೆಯಲು ಇಬ್ಬರು ನರ್ಸುಗಳಿಗೆ ಬಹಳ ಹೊತ್ತು ಹಿಡಿಯಿತು. ಆ ಕೋಣೆಯಲ್ಲೂ ಅದೇ ವಾಸನೆ ಇತ್ತು. ಅದು ಏನೆಂದು ಕೇಳಿದಾಗ ಡಾಕ್ಟರ್ ಹೇಳಿದರು. ಸಂಜೆಯ ಹೊತ್ತಿಗೆ ಉಸಿರು ಹದಕ್ಕೆ ಬಂತು. ಮೂರನೇ ದಿನ ಅತ್ತೆಗೆ ಒಂದು ಕಣ್ಣು ತೆರೆಯಲಾಯಿತು.

"ಯಾಕತ್ತೆ ಹೋದ್ರಿ?" ಎಂದೆ. "ಹೊಗೆ ಬೇಡ ಅಂದಿದ್ರಲ್ಲ."

"ಹೊಗೆ ಎಲ್ಲಿ ಹಾಕ್ದೆ? ಧೂಪ ತೋರುಸ್ದೆ" ಎಂದರು. ಆ ಎರಡನ್ನೂ ಒಂದೇ ಎಂದು ಅವರು ಬದುಕಿನಲ್ಲಿ ಎಂದೂ ಯೋಚಿಸಿರಲಿಲ್ಲ. ಹೊಗೆ ಒಲೆಯದು, ಧೂಪ ಪೂಜೆಯದು. ತೆರೆದ ಒಂದೇ ಕಣ್ಣಲ್ಲಿ ನನ್ನನ್ನು ನೋಡಿ, "ವರ್ಸೆಲ್ಲ ಕೆಲ್ಸ ಮಾಡವ್ರೆ. ಮೋಟಾರ್ಗೆ, ಮೀಟರ್ಗೆ ತೋರ್ಸಿ, ಅವ್ರಿಗೆ ತೋರುಸ್ದೆ ಇದ್ರೆ ಹೆಂಗೆ?" ಎಂದರು. ಚಿಕ್ಕ ಜೇನು, ಹೆಜ್ಜೇನು ಎಂಬ ಭೇದವನ್ನೂ ಅವರು ಮಾಡಿರಲಿಲ್ಲ. ಎಲ್ಲರೂ ಕೆಲಸದವರೇ.

ರಾಮಾಂಜಿ ಎರಡೂ ಕೈಗೆ ಮುಲಾಮು ಬಳಿದುಕೊಂಡು ಬಾಗಿಲಲ್ಲಿ ನಿಂತಿದ್ದರು. "ಇವತ್ತೇ ಸುಡುಸ್ತೀನಕ್ಕ."

"ಸುಟ್ರೆ ಅದೂ ಹೊಗೇನೆ ಅಲ್ವೇನಪ್ಪ? ಒಂದ್ಸಲ ತಿಂದಿದ್ದು ಸಾಲ್ದಾ ನಿಂಗೆ?"

ಸುಡುವ ಪ್ರಸಂಗ ಬರಲಿಲ್ಲ. ಆ ವಾರದೊಳಗೆ ಹೆಜ್ಜೇನು ತಾನೇ ಎದ್ದುಹೋಯಿತು. ಬಿಳೀ ರೊಟ್ಟಿಯೊಂದು ಸಜ್ಜೆಯಡಿಯಲ್ಲಿ ನೇತಾಡುತ್ತಾ ಉಳಿಯಿತು. ಆದರೆ ಆಸ್ಪತ್ರೆಯಿಂದ ಬಿಡುವ ದಿನ ಡಾಕ್ಟರ್ ನನ್ನನ್ನೂ ನಾಗರಾಜನನ್ನೂ ಹೊರಗೆ ಕರೆದು ಹೇಳಿದ ಮಾತು ನಮ್ಮ ಜೊತೆ ಮನೆಗೆ ಬಂತು. ಇವರ ಮೈಗೆ ಜೇನಿನ ವಿಷ ಇನ್ನು ಆಗಿಬರುವುದಿಲ್ಲ, ಮುಂದೆ ಒಂದೇ ಒಂದು ಸಣ್ಣ ಜೇನು ಕಚ್ಚಿದರೂ ಉಸಿರು ಕಟ್ಟಬಹುದು, ಆಗ ಚುಚ್ಚಬೇಕಾದ ಔಷಧಿಯ ಸೂಜಿ ಸದಾ ಹತ್ತಿರವಿರಲಿ ಎಂದರು.

ನಾವು ಕರೆದು ತಂದ ಅಷ್ಟೂ ಸಣ್ಣ ಜೇನುಗಳು ಹಿತ್ತಲಿನಲ್ಲಿದ್ದವು.

ಅತ್ತೆಯನ್ನು ಮಂಚದ ಮೇಲೆ ಮಲಗಿಸಿ ನಾಗರಾಜ ನೇರ ಹಿತ್ತಲಿಗೆ ಹೋದ. ತುಂಬೆ, ಕಾಮಕಸ್ತೂರಿಗಳನ್ನು ಬುಡಸಮೇತ ಕಿತ್ತು ಎಸೆಯತೊಡಗಿದ. ನಾನು ತಡೆಯಲಿಲ್ಲ. ನಾನೂ ಒಂದು ಗಿಡ ಕಿತ್ತೆ. ನಿಂಬೆಗಿಡದ ಕಂಡಿಕೆ ಡಬ್ಬಿಗೆ ಅವನು ಕೈ ಹಾಕಿದಾಗ ಅಡುಗೆಮನೆಯ ಕಿಟಕಿಯಿಂದ ದನಿ ಬಂತು. ಅತ್ತೆ ಗೋಡೆ ಹಿಡಿದು ಎದ್ದು ಬಂದಿದ್ದರು.

"ಏನೋ ಅದು? ಕೆಲಸದೋರ್ನ ಕೇಳ್ದೆ ಮನೆ ಬಿಡುಸ್ತಿದ್ದೀಯ?"

"ಅಮ್ಮಾ, ನೀನ್ ಸತ್ತೋಗ್ತಿದ್ದೆ!"

"ಸಾಯ್ಲಿಲ್ವಲ್ಲ. ಅದನ್ನ ಕಿತ್ರೆ ಮುಂದಿನ್ ವರ್ಸ ಕಾಯಿ ಎಲ್ಲಿಂದ ತರ್ತೀಯ?"

"ಮಾರ್ಕೆಟಿಂದ ತರ್ತೀನಿ!"

"ಮೋಟಾರೂ ಅಲ್ಲಿಂದ್ಲೇ ತತ್ತೀಯಾ?"

ಅವನು ಡಬ್ಬಿ ಹಿಡಿದೇ ಕಲ್ಲಿನ ಮೇಲೆ ಕೂತು ಅತ್ತ. ಅತ್ತೆ ಕಿಟಕಿಯಲ್ಲಿ ಕಾದರು. ಅವನು ಅತ್ತು ಮುಗಿಸಿದ ಮೇಲೆ ತೀರ್ಮಾನವನ್ನು ಅವರೇ ಹೇಳಿದರು: ಕಿಟಕಿಗೂ ಹಿತ್ತಲ ಬಾಗಿಲಿಗೂ ಜಾಲರಿ ಹೊಡೆಸು, ಇನ್ನು ನಾನು ಹೊರಗೆ ಕಾಲಿಡುವುದಿಲ್ಲ.

ಅವರು ಮಾತು ತಪ್ಪಿಲ್ಲ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಜಾಲರಿಯ ಹಿಂದೆ ನಿಲ್ಲುತ್ತಾರೆ. "ಎಡಗಡೆ ಹೂವಿನ ಹತ್ರ ಯಾರೂ ಬಂದಿಲ್ಲ ನೋಡೇ" ಎನ್ನುತ್ತಾರೆ. ನಾನು ನೋಡುತ್ತೇನೆ. ತಟ್ಟೆಗೆ ನೀರು ಹಾಕುತ್ತೇನೆ. ಒಳಗೆ ಬರುವ ಮುನ್ನ ಜಡೆ, ವೇಲು ಕೊಡವಿಕೊಂಡು ಬರುತ್ತೇನೆ. ನನ್ನ ಮೈಮೇಲೆ ಕೂತು ಒಂದು ಹುಳ ಮನೆಯೊಳಗೆ ಬಂದರೆ ಎಂಬ ಯೋಚನೆ ನಿದ್ದೆಯಲ್ಲೂ ಬಿಡುವುದಿಲ್ಲ.

ಈ ಸಲವೂ ಬಳ್ಳಿಯಲ್ಲಿ ಕಾಯಿ ನಿಂತಿವೆ. ಬಸ್ಸಿನಿಂದ ಇಳಿದು ನೆನೆದು ಮನೆಗೆ ಬಂದ ಆ ಸಂಜೆ ಮಳೆ ಬಿಟ್ಟಿತ್ತು. ಸೆಕೆಗೆ ಯಾರೋ ಶೆಡ್ಡಿನ ಮುಂಬಾಗಿಲು ತೆರೆದಿದ್ದರು. ಅತ್ತೆ ಒಂದು ಮಗ್ಗದ ಮುಂದೆ ನಿಂತು ನೇಯ್ಗೆ ನೋಡುತ್ತಿದ್ದರು. ಅರಿಶಿನ ಬಣ್ಣದ ಸೀರೆ. ಅದರ ಮೇಲೆ, ಅವರ ಕೈಯಿಂದ ಗೇಣು ದೂರದಲ್ಲಿ, ಹಿತ್ತಲಿನ ಸಣ್ಣ ಜೇನುಗಳಲ್ಲೊಂದು, ಒಂದು ತುಡುವೆ ಜೇನು ಕೂತಿತ್ತು.

ನಾನು ಬಾಗಿಲಲ್ಲೇ ನಿಂತೆ. ಸೂಜಿ ಒಳಗಿನ ಕಪಾಟಿನಲ್ಲಿತ್ತು. ಅತ್ತೆ ಹುಳವನ್ನು ನೋಡಿದ್ದರು. ಅವರು ಹಿಂದೆ ಸರಿಯಲಿಲ್ಲ. ಕೈ ಎತ್ತದೆ, ತಲೆಯನ್ನಷ್ಟೇ ಮಗನ ಕಡೆಗೆ ತಿರುಗಿಸಿ ಕಣ್ಣಲ್ಲಿ ಹೇಳಿದರು. ನಾಗರಾಜ ಮೇನ್ ಸ್ವಿಚ್ ಎಳೆದ. ಮಗ್ಗಗಳು ನಿಂತವು. ಆ ಮೌನದಲ್ಲಿ ಅದರ ರೆಕ್ಕೆಯ ಸಣ್ಣ ಸದ್ದು ಕೇಳಿತು. ಅದು ಸೀರೆಯ ಮೇಲೆ ನಡೆಯಿತು. ಅವರ ಬೆರಳಿನ ಕಡೆಗೆ ಬಂತು, ನಿಂತಿತು, ಮೂತಿ ಒರೆಸಿಕೊಂಡಿತು. ಅತ್ತೆ ಉಸಿರು ಹಿಡಿದಿದ್ದರು. ನಾವು ಮೂವರೂ ಹಿಡಿದಿದ್ದೆವು. ಆಮೇಲೆ ಅದು ಎದ್ದು, ಅವರ ಕೆನ್ನೆಯ ಪಕ್ಕದಿಂದಲೇ ಹಾದು, ಬಾಗಿಲಿನ ಬೆಳಕಿಗೆ ಹೊರಟುಹೋಯಿತು.

ಅತ್ತೆ ಅದು ಹೋದ ದಿಕ್ಕನ್ನೇ ನೋಡಿದರು.

"ಪಾಪ, ಹೂವು ಅನ್ಕೊಂಡ್ಬುಡ್ತು" ಎಂದರು. ಮುಂಬಾಗಿಲು ಹಾಕಲು ನನಗೆ ಸನ್ನೆ ಮಾಡಿ, ಮಗನ ಕಡೆ ತಿರುಗಿದರು. "ಹೂಂ, ಓಡ್ಸಪ್ಪ."

ಮಗ್ಗಗಳು ಮತ್ತೆ ಶುರುವಾದವು. ಅಗುಳಿ ಹಾಕಿದ ಮೇಲೂ ನಾನು ಬಾಗಿಲಿಗೆ ಬೆನ್ನು ಒತ್ತಿ ಬಹಳ ಹೊತ್ತು ಅಲ್ಲೇ ನಿಂತಿದ್ದೆ.